ಹೂವಿನ ಜೊತೆ ಹೋದ ಪುಟಗಳು

ಗುಂಡ್ಲುಪೇಟೆಯ ನಮ್ಮ ಓದುಗರ ಬಳಗದಲ್ಲಿ ತಿಂಗಳಿಗೊಮ್ಮೆ ಎಲ್ಲರೂ ತಾವು ಓದುತ್ತಿರುವ ಪುಸ್ತಕದ ಬಗ್ಗೆ ಹೇಳಬೇಕು. ನಿವೃತ್ತ ಅಧಿಕಾರಿ ವೃಷಭೇಂದ್ರಪ್ಪನವರು ಈ ಸಲ ಒಂದು ದಪ್ಪ ಕಾದಂಬರಿಯನ್ನು ಎದೆಗೊತ್ತಿಕೊಂಡು, "ಮೂರು ಸಲ ಓದಿದೆ, ಮೂರು ಸಲವೂ ಅತ್ತೆ" ಎಂದರು. ನಾವು ಚಪ್ಪಾಳೆ ತಟ್ಟಿದೆವು.

ಹೂ ಕೊಡಲು ಬಂದಿದ್ದ ಪುಟ್ಟಸಿದ್ದಮ್ಮನ ಮುಖ ಅರಳಿತು. ಹೂ ಕಟ್ಟಿಕೊಡಲು ರದ್ದಿ ಪುಸ್ತಕ ಕೊಳ್ಳುವ ಅವಳು, ಪುಟ ಹರಿಯುವ ಮುಂಚೆ ಓದಿಕೊಳ್ಳುತ್ತಾಳೆ.

"ಸಾ, ಇದೇ ಪುಸ್ತ್ಕ ನಂತಾವೂ ಇತ್ತು. ಕೊನೇ ಆಳೆಗಳ್ನ ನನ್ ಸೊಸೆ ಮಲ್ಲಿಗೆಗೆ ಸುತ್ತಿ ಕೊಟ್ಬುಟ್ಟಳು. ಕತೇಲಿ ಆ ಬಸ್ರಿ ಎಂಗ್ಸು ಬದುಕುದ್ಲಾ? ಎಂಟು ದಿನದಿಂದ ಅದೇ ಯೋಚ್ನೆ."

ವೃಷಭೇಂದ್ರಪ್ಪನವರು ಕೆಮ್ಮಿ, ಕನ್ನಡಕ ಒರೆಸಿದರು. "ಅದು ಓದುಗರ ಕಲ್ಪನೆಗೆ ಬಿಟ್ಟದ್ದು."

ಅವಳು ಪುಸ್ತಕವನ್ನು ನೋಡಿದಳು. ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ಬಿಚ್ಚಿರಲಿಲ್ಲ.

"ಬುಡಿ ಸಾ, ಈಗ್ಲೇ ಯೋಳ್ಬುಟ್ರೆ ಮಿಕ್ಕೋರ್ಗೆ ರುಚಿ ಕೆಡ್ತದೆ" ಎಂದು ಅವಳೇ ಅವರ ಮಾನ ಉಳಿಸಿದಳು. ಆ ಮಹಾಶಯರು ಅದೂ ತಮ್ಮದೇ ಸೌಜನ್ಯವೆಂಬಂತೆ ತಲೆಯಾಡಿಸಿದರು.

ನನಗೆ ಅವಳಷ್ಟು ದೊಡ್ಡ ಮನಸ್ಸಿಲ್ಲ. ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು, ಹೊದಿಕೆ ಹರಿದು, ಅವಳ ಹೂಬುಟ್ಟಿಯಲ್ಲಿಟ್ಟೆ.

"ನಿಮಗೆ ಕಲ್ಪನೆಯೇ ಸಾಕಲ್ಲ, ವೃಷಭೇಂದ್ರಪ್ಪನವರೇ" ಎಂದೆ.