ಎರಡನೇ ಮೋಟಾರು

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರಿಗೆ ಇದು ಅರ್ಥವಾದದ್ದು ದೋಣಿ ಮೋಟಾರುಗಳ ಅಂಗಡಿಯಲ್ಲಿ ಹೆಂಡತಿಯ ಪಕ್ಕ ನಿಂತಾಗ.

ಹೋದ ತಿಂಗಳು ಅವನು ಒಬ್ಬನೇ ಸರೋವರಕ್ಕೆ ಮೀನು ಹಿಡಿಯಲು ಹೋಗಿದ್ದ. ನಡುನೀರಿನಲ್ಲಿ ಕಣ್ಣಿಗೆ ಕತ್ತಲೆ ಕವಿದು ದೋಣಿಯೊಳಗೇ ಬಿದ್ದುಬಿಟ್ಟ. ಎಚ್ಚರವಾದಾಗ ಬಲೆ ಹಾಕುವವರು ಯಾರೋ ದೋಣಿಯನ್ನು ದಡಕ್ಕೆ ಎಳೆದು ತಂದಿದ್ದರು. ನಿಜ ಹೇಳಿದರೆ ಹೆಂಡತಿ ದೋಣಿ ಮಾರಿಸದೆ ಬಿಡುವುದಿಲ್ಲ ಎಂದು ಹೆದರಿ, ಮನೆಗೆ ಬಂದವನೇ ಎಂಜಿನ್ ಕೈಕೊಟ್ಟಿತು ಎಂದ. ಬಟ್ಟೆ ಹೊಲಿಯುತ್ತಿದ್ದ ಅವಳು ಆಗ ಹೊಲಿಗೆ ಮುಂದುವರಿಸಿದಳು. ಆಮೇಲೊಂದು ದಿನ ಮಿಷನ್ನಿನಿಂದ ತಲೆಯೆತ್ತಿ, “ಇನ್ನೊಂದು ಸಣ್ಣ ಮೋಟಾರು ಹಾಕಿಸಿ. ಇಲ್ಲಾಂದ್ರೆ ದೋಣಿ ಮಾರಿಬಿಡಿ” ಎಂದಳು. ಪಾಪ, ಗುಂಡುಕಲ್ಲಿನಂತಿದ್ದ ಎಂಜಿನ್ನಿಗೆ ಅದು ಮಾಡದ ತಪ್ಪಿಗಾಗಿ ಜೊತೆಗಾರನನ್ನು ಹುಡುಕಬೇಕಾಯಿತು.

ಅಂಗಡಿಯಲ್ಲಿ ಮರದ ಸ್ಟ್ಯಾಂಡುಗಳಿಗೆ ಮೋಟಾರುಗಳನ್ನು ಸಾಲಾಗಿ ಕಚ್ಚಿಸಿದ್ದರು. ಮೇಲೆ ತಲೆ, ನಡುವೆ ಉದ್ದ ಕಾಲು, ಕೆಳಗೆ ಫ್ಯಾನು. ಪೇಂಟರಿಗೆ ಎಲ್ಲವೂ ಒಂದೇ ತರಹ ಕಂಡವು.

“ಯಾತಕ್ಕೆ ಬೇಕು ಸರ್? ಟ್ರೋಲಿಂಗ್‌ಗಾ, ಇಲ್ಲಾ ದೊಡ್ಡ ಎಂಜಿನ್ ಕೆಟ್ರೆ ಅಂತ ಸ್ಟ್ಯಾಂಡ್‌ಬೈಗಾ?” ಎಂದ ಅಂಗಡಿಯವನು.

ಗಾಳದ ದಾರವನ್ನು ಹಿಂದೆ ಬಿಟ್ಟುಕೊಂಡು ದೋಣಿಯನ್ನು ನಿಧಾನಕ್ಕೆ ಓಡಿಸುವುದೇ ಟ್ರೋಲಿಂಗು. ಅವನಿಗೆ ಗೊತ್ತಿದ್ದದ್ದು ಅದೊಂದೇ. “ಎರಡಕ್ಕೂ” ಎಂದ.

“ಶಾಫ್ಟು, ಅಂದ್ರೆ ಈ ಕಾಲು, ಉದ್ದದ್ದಾ, ಗಿಡ್ಡದ್ದಾ? ದೋಣಿ ಹಿಂಬದಿ ಹಲಗೆ ಎಷ್ಟು ಎತ್ತರ?”

ಪೇಂಟರು ಎರಡು ಕೈ ಅಗಲಿಸಿ ತೋರಿಸಿದ. ಸರಿಯೆನಿಸಲಿಲ್ಲ, ಕಿರಿದು ಮಾಡಿದ.

“ಇಪ್ಪತ್ತಿಂಚು. ಉದ್ದದ್ದೇ ಬೇಕು. ನಿನ್ನೆ ಅಳೆದೆ” ಎಂದಳು ಹೆಂಡತಿ.

ಅವನು ತಬ್ಬಿಬ್ಬಾದ. ನೀರೆಂದರೆ ಮಾರು ದೂರ ಸರಿಯುವವಳು, ಮದುವೆಯಾದಾಗಿನಿಂದ ಒಮ್ಮೆಯೂ ದೋಣಿ ಹತ್ತದವಳು, ಟೇಪು ಹಿಡಿದು ದಡಕ್ಕೆ ಹೋಗಿದ್ದಳೇ?

ಅಂಗಡಿಯವನು ಎಂಟು ಹಾರ್ಸ್‌ಪವರಿನದೊಂದನ್ನು ತೋರಿಸಿದ. ಎಂಥ ಎದುರುಗಾಳಿಗೂ ಜಗ್ಗುವುದಿಲ್ಲವೆಂದ. ಪೇಂಟರಿಗೆ ಮನಸ್ಸಾಯಿತು. ಅಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅದರ ಸ್ಟಾರ್ಟಿಂಗ್ ಹಗ್ಗ ಹಿಡಿದು ಎಳೆದಳು. ಅದು ಅರ್ಧಕ್ಕೇ ನಿಂತಿತು.

“ಇದು ಬೇಡ.”

“ಅಯ್ಯೋ, ನೀನ್ಯಾಕೆ ಎಳೀತೀಯ? ಎಳೆಯೋನು ನಾನಲ್ವಾ?”

ಅವಳು ಹಗ್ಗ ಕೈಬಿಟ್ಟಳು. ಅಂಗಡಿಯವನು ಬಟನ್ ಒತ್ತಿದರೆ ಸ್ಟಾರ್ಟಾಗುವ ಇನ್ನೊಂದಕ್ಕೆ ಕೈ ತೋರಿಸಿದ.

“ಅದಕ್ಕೆ ಬ್ಯಾಟರಿ ಬೇಕಲ್ವಾ? ಇವ್ರು ಫೋನ್ ಚಾರ್ಜ್ ಮಾಡೋದನ್ನೇ ಮರೀತಾರೆ” ಎಂದು ಅದನ್ನೂ ತಳ್ಳಿಹಾಕಿದಳು.

ಕೊನೆಗೆ ಸಾಲಿನ ತುದಿಯಲ್ಲಿದ್ದ ಅತಿ ಚಿಕ್ಕದರ ಮುಂದೆ ಕಾಲೂರಿ ನಿಂತು ಹಗ್ಗ ಎಳೆದಳು. ಪೂರ್ತಿ ಬಂತು. ಮತ್ತೊಮ್ಮೆ ಎಳೆದಳು, ಮತ್ತೆ ಬಂತು. ಹೊಲಿಗೆಯಿಂದ ನೋಯುವ ಭುಜವನ್ನು ಒತ್ತಿಕೊಳ್ಳುತ್ತಾ, “ಇದೇ ಇರಲಿ” ಎಂದಳು.

“ಇದಾ? ಗಾಳಿ ಎದ್ರೆ ಇದು ಮಿಸುಕಾಡಲ್ಲ ಕಣೇ! ನಿಂಗೆ ಇದ್ರ ತಲೆಬುಡ ಗೊತ್ತಿಲ್ಲ, ಸುಮ್ನಿರು.” ಪೇಂಟರಿಗೆ ಸಿಟ್ಟು ಬಂತು, ಜೊತೆಗೆ ತನಗೂ ತಲೆಬುಡ ಗೊತ್ತಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಅವಳು ಅಂಗಡಿಯವನ ಕಡೆ ತಿರುಗಿದಳು. “ದೋಣೀಲಿ ಇಬ್ರು ಇರ್ತಾರೆ. ಒಬ್ರು ಕೂತಿರ್ತಾರೆ, ಒಬ್ರು ಎಚ್ಚರ ತಪ್ಪಿ ಮಲಗಿರ್ತಾರೆ. ಇದು ಇಬ್ರನ್ನೂ ದಡಕ್ಕೆ ತರುತ್ತಾ?”

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿದ. “ನಿಧಾನವಾಗಿ ತರುತ್ತೆ, ಅಮ್ಮಾ.”

ಪೇಂಟರು ಇಂಗು ತಿಂದ ಮಂಗನ ಹಾಗೆ ನಿಂತ. “ನಿಂಗೆ ಯಾರು ಹೇಳಿದ್ರು?”

“ಮೆಕ್ಯಾನಿಕ್‌ನ ಕೇಳ್ದೆ. ಎಂಜಿನ್ ಒಂದು ದಿನಾನೂ ಕೆಟ್ಟಿಲ್ಲ ಅಂದ. ಹಾಗಾದ್ರೆ ಬಲೆಯವರು ದೋಣಿ ಎಳೆದು ತಂದಿದ್ದು ಯಾಕೆ, ಕೆಟ್ಟಿದ್ದು ಯಾವುದು ಅಂತ ನಾನೇ ಲೆಕ್ಕ ಹಾಕ್ಕೊಂಡೆ.” ಅವಳು ಚಿಕ್ಕ ಮೋಟಾರಿನ ಹಗ್ಗವನ್ನು ಮುಟ್ಟಿದಳು. “ಆ ಹಳೇ ಎಂಜಿನ್ ಹಗ್ಗಾನೂ ಎಳೆದು ನೋಡ್ದೆ ರೀ. ನನ್ನ ಕೈಲಾಗ್ಲಿಲ್ಲ.”

“ದೋಣಿ ಮಾರಿಸಬಹುದಿತ್ತಲ್ಲ.”

“ಮಾರಿ ಮನೇಲಿ ಕೂತ್ಕೊಂಡು ನಿಮ್ಮ ಮುಖ ನೋಡ್ಲಾ? ಮೊದಲು ಡಾಕ್ಟರ ಹತ್ರ ಹೋಗೋಣ, ದೋಣಿ ಆಮೇಲೆ. ಹೋದ್ರೆ ಇಬ್ರೂ ಹೋಗೋದು.”

“ನೀರು ಕಂಡ್ರೆ ನಿಂಗೆ ಭಯ.”

“ಭಯಾನೇ. ಹೋಗಲ್ಲ ಅದು.”

ಅಳಬೇಕೋ, ಕ್ಷಮೆ ಕೇಳಬೇಕೋ, ಖುಷಿಪಡಬೇಕೋ ಪೇಂಟರಿಗೆ ತೋಚಲಿಲ್ಲ. ಅವಳಾಗಲೇ ಮೋಟಾರಿನ ಮುಂದೆ ಬಗ್ಗಿದ್ದಳು.

“ಸ್ಟಾರ್ಟ್ ಮಾಡೋದು ಗೊತ್ತಾಯ್ತಪ್ಪ” ಎಂದಳು ಅಂಗಡಿಯವನಿಗೆ. “ದಡ ಬಂದ್ಮೇಲೆ ನಿಲ್ಲಿಸೋದು ಹೇಗೆ, ಅದನ್ನ ಹೇಳ್ಕೊಡು.”