ತೆಪ್ಪದ ಅಂಚು

"ಏನ್ರಲೇ, ಎಲ್ಲಾರೂ ಟೊಂಕಕ್ಕ ಡಬ್ಬಿ ಕಟಗೊಂಡು ಬಂದೀರಿ? ಹೆಸರಕಾಯಿ ಬಿಡಸಾಕ ಹೊಂಟೀರೋ, ಬೈಲಕಡಿ ಹೊಂಟೀರೋ?"

ಶಂಕರಲಿಂಗಗೌಡ ಇಷ್ಟು ಹೇಳಿ ತಾನೇ ಮೊದಲು ನಕ್ಕ. ಕಾಗಿಣಾ ಹೊಳೆಯ ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಗಂಡಸರೂ ನಕ್ಕರು. ಗೌಡ ನಕ್ಕಾಗ ನಗದೇ ಇರುವ ಅಭ್ಯಾಸ ಆ ಊರಲ್ಲಿ ಯಾರಿಗೂ ಇರಲಿಲ್ಲ.

ಮರೆಮ್ಮ ತಲೆ ತಗ್ಗಿಸಿದಳು. ಅವಳ ಸೊಂಟದಲ್ಲಿ ಖಾಲಿ ಎಣ್ಣೆಡಬ್ಬಿ, ಮುಚ್ಚಳ ಬಿಗಿ ಮಾಡಿ ಹಳೆ ಸೀರೆಯ ಚೂರಿನಿಂದ ಕಟ್ಟಿದ್ದು. ಸೊಸೆ ದಾನಮ್ಮನ ಸೊಂಟದಲ್ಲೂ ಒಂದು. ಹಿಂದೆ ನಿಂತ ಕೂಲಿ ಹೆಂಗಸರದ್ದೂ ಹಾಗೇ. ಹೊಳೆ ತುಂಬಿದೆ, ತೇಲುವುದು ಏನಾದರೂ ಮೈಗಿರಲಿ ಎಂದು ಮರೆಮ್ಮನೇ ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ಓಣಿಯಲ್ಲಿ ಅದು ಬುದ್ಧಿವಂತಿಕೆ ಅನ್ನಿಸಿತ್ತು. ಇಲ್ಲಿ, ದಿನಾ ನಸುಕಿನಲ್ಲಿ ಅಂಥದೇ ಡಬ್ಬಿ ಹಿಡಿದು ಬಯಲಿಗೆ ಹೋಗುವುದನ್ನು ಊರೆಲ್ಲ ನಿಂತು ನೋಡಿದಂತಾಯಿತು.

"ನೀರು ಭಾಳ ಅದ ಧಣಿ," ಎಂದಳು. "ಹ್ವಾದ ವರ್ಷ..."

"ಹ್ವಾದ ವರ್ಷದ್ದು ಹೋಯ್ತು. ಬಿಚ್ಚರಿ ಅವನ್ನ. ಆಚಿ ದಂಡ್ಯಾಗ ಬೀಜದ ಕಂಪನಿ ಮಂದಿ ಬಂದು ನಿಂತಾರ. ಡಬ್ಬಿ ಕಟಗೊಂಡ ರಂಡೇರ ದಂಡು ನನ್ನ ಹೊಲದಾಗ ಕಂಡ್ರ ನನ್ನ ಇಜ್ಜತ್ ಏನ್ ಉಳಿತದ?"

ಇಜ್ಜತ್ತಿನ ಮಾತಾಡಿದ ಗೌಡನ ಮೈಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಇತ್ತು. ಹೋದ ವರ್ಷ ಮರೆಮ್ಮನ ಮಗಳು ಸುಂದರಮ್ಮ ಇದೇ ಹೊಳೆಯ ಪಾಲಾದ ಮೇಲೆ ಬಂದ ಜಾಕೆಟ್‌ಗಳಲ್ಲಿ ಅದೊಂದು. ಸರಕಾರಿ ಸಾಹೇಬರು ಜೀಪಿನಲ್ಲಿ ಬಂದು, ಕೂಲಿ ಹೆಂಗಸರಿಗೆ ಅವನ್ನು ತೊಡಿಸಿ, ಸಾಲಾಗಿ ನಿಲ್ಲಿಸಿ ಫೋಟೊ ಹೊಡೆಸಿದ್ದರು. ಮಗಳನ್ನು ಕಳೆದುಕೊಂಡ ತಾಯಿ ಎಂದು ಮರೆಮ್ಮನನ್ನು ನಡುವೆ ನಿಲ್ಲಿಸಿ, ಸ್ವಲ್ಪ ನಗವ್ವ ಎಂದಿದ್ದರು. ಅವಳು ನಕ್ಕಿದ್ದಳು. ಆ ಫೋಟೊ ಪೇಪರಿನಲ್ಲಿ ಬಂದಿತ್ತು.

ಜೀಪು ಹೋದ ಮೇಲೆ ಜಾಕೆಟ್‌ಗಳು ಜೋಪಾನವಾಗಿರಲಿ ಎಂದು ಗೌಡನ ವಾಡೆ ಸೇರಿದವು. ಈ ಬೆಳಿಗ್ಗೆ ದಾನಮ್ಮ ವಾಡೆಯ ಬಾಗಿಲಲ್ಲಿ ನಿಂತು ಕೇಳಿದರೆ ಗೌಡಸಾನಿ ಒಳಗಿನಿಂದಲೇ, "ನೀವು ತೊಟ್ಟವು ದನದ ಕೊಟ್ಟಗ್ಯಾಗ ಒಗದಿದ್ವು. ಇಲಿ ಕಡದಾವ," ಎಂದಿದ್ದಳು. ಯಾರೂ ತೊಡದೆ ಕವರಿನಲ್ಲೇ ಉಳಿದಿದ್ದ ಒಂದು ಮಾತ್ರ ಗೌಡನ ಮೈಗೆ ಬಂದಿತ್ತು.

"ಅತ್ತಿ, ಬಿಚ್ಚಬ್ಯಾಡ," ದಾನಮ್ಮ ಪಿಸುಗುಟ್ಟಿದಳು.

"ಬಿಚ್ಚವ್ವ. ಕೂಲಿ ಕಳಕೊಂಡು ಏನ್ ತಿನ್ನಣು?"

ಮರೆಮ್ಮನೇ ಮೊದಲು ಗಂಟು ಬಿಚ್ಚಿದಳು. ಡಬ್ಬಿಗಳು ದಂಡೆಯ ಮೇಲೆ ರಾಶಿಯಾದವು. ನೀರಿಗಿಂತ ನಾಲ್ಕು ಗಂಡಸರ ನಗುವಿಗೆ ಹೆದರಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಂಬಿಗರ ಪೀರಪ್ಪ ತೆಪ್ಪ ಹಿಡಿದು ನಿಂತಿದ್ದ. ಬಿದಿರಿನ ಗುಂಡನೆಯ ತೆಪ್ಪ, ತಳಕ್ಕೆ ಡಾಂಬರು ಬಳಿದದ್ದು. ಗೌಡ ಹತ್ತಿ ಒಂದು ಬದಿಗೆ ಚೀಲ ಹಾಸಿಕೊಂಡು ಕೂತ. ಹೆಂಗಸರು ಎದುರು ಬದಿಗೆ ಒತ್ತೊತ್ತಿ, ಮೊಣಕಾಲು ಎದೆಗೆ ಎಳೆದುಕೊಂಡು, ಸೀರೆಯ ನೆರಿಗೆ ಗೌಡನ ಚಪ್ಪಲಿಗೆ ತಾಗದಂತೆ ಮುದುಡಿ ಕೂತರು. ಅರ್ಧ ತೆಪ್ಪ ಒಬ್ಬನಿಗೆ, ಉಳಿದರ್ಧ ಅವರೆಲ್ಲರಿಗೆ. ಹೆಂಗಸರ ಬದಿಯ ಅಂಚು ನೀರಿಗೆ ಇಳಿಯಿತು.

ಪೀರಪ್ಪ ಅದನ್ನು ನೋಡಿದ. ಹೋದ ವರ್ಷವೂ ನೋಡಿದ್ದ. ವಿಚಾರಣೆಗೆ ಬಂದ ಪೊಲೀಸರ ಮುಂದೆ, ಹೊಳಿ ಏರಿತ್ತು ಸಾಹೇಬ್ರ ಎಂದಷ್ಟೇ ಹೇಳಿದ್ದ. ಈಗಲೂ ಅಂಚಿನಿಂದ ಕಣ್ಣು ಕಿತ್ತು ಹುಟ್ಟು ಹಾಕತೊಡಗಿದ.

ಹೋದ ವರ್ಷ ಸಾಲಿನ ಕೊನೆಗೆ, ಗೌಡನ ಮಗ್ಗುಲಿಗೆ ಸಮೀಪ ಕೂತವಳು ಸುಂದರಮ್ಮ. ನಡುಹೊಳೆಯ ಸುಳಿಯಲ್ಲಿ ತೆಪ್ಪ ವಾಲಿದಾಗ ಅವಳ ಕೈ ಗೌಡನ ಹೆಗಲಿಗೆ ಚಾಚಿತ್ತು. ಬೆರಳು ಇನ್ನೇನು ಅಂಗಿಗೆ ತಾಗಬೇಕು, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅದೇ ತೆಪ್ಪದಲ್ಲಿದ್ದ ಮರೆಮ್ಮ ಅದನ್ನು ಕಣ್ಣಾರೆ ಕಂಡಿದ್ದಳು. ಮುಟ್ಟಬ್ಯಾಡ, ದೂರ ಸರಿ, ಗೌಡ್ರು ಬಂದ್ರು, ಸರಿ ಎಂದು ನಡೆಯಲು ಕಲಿತಾಗಿನಿಂದ ಆ ಕೈಗೆ ಏಟು ಕೊಟ್ಟು ಕಲಿಸಿದವಳು ಅವಳೇ. ಮಗಳು ಸಾಯುವ ಗಳಿಗೆಯಲ್ಲೂ ಕಲಿತದ್ದನ್ನು ಮರೆಯಲಿಲ್ಲ. ಕೇಳಿದವರಿಗೆಲ್ಲ ಮರೆಮ್ಮ ಹೊಳೆ ಒಯ್ಯಿತು ಎಂದೇ ಹೇಳುತ್ತ ಬಂದಿದ್ದಳು.

ಈಗ ಆ ಜಾಗದಲ್ಲಿ ದಾನಮ್ಮ ಕೂತಿದ್ದಳು.

ಸುಳಿ ಬಂತು. ತೆಪ್ಪ ಗರಗರ ತಿರುಗಿ ಹೆಂಗಸರ ಕಡೆ ವಾಲಿತು. ನೀರು ಅಂಚು ದಾಟಿ ತೊಡೆಗೆ ಬಡಿಯಿತು. ದಾನಮ್ಮನ ಕೈ ಗೌಡನ ಜಾಕೆಟ್ಟಿನ ಪಟ್ಟಿಯತ್ತ ಹೋಯಿತು. ಹೋಗಿ, ಗಾಳಿಯಲ್ಲೇ ನಿಂತಿತು. ಬೆರಳು ಮಡಚಿಕೊಳ್ಳತೊಡಗಿದವು.

"ಹಿಡಿ ಅದನ್ನ!"

ಮರೆಮ್ಮನ ದನಿ ಅವಳಿಗೇ ಗುರುತು ಸಿಗಲಿಲ್ಲ. ಅಂಡೂರಿಕೊಂಡೇ ಸರಿದು ಆಚೆ ಬದಿಗೆ ಹೋದಳು. ಗೌಡನ ಮೈಗೆ ಮೈ ಹಚ್ಚಿ ಕೂತು ಅವನ ಜಾಕೆಟ್ಟಿನ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಏ ಹೊಲಸು ಮುಂಡೆ, ಕೈ ತಗಿ! ಯಾರನ್ನ ಮುಟ್ಟಾಕತ್ತಿ ಖಬರ್ ಅದ ಏನು?"

"ಅದ," ಎಂದಳು. "ದಾನವ್ವ, ಆ ಕಡಿ ಪಟ್ಟಿ ನೀ ಹಿಡಿ. ಗಟ್ಟಿ ಹಿಡಿ. ಉಳದವ್ರು ಒಬ್ಬೊಬ್ಬರ ಈ ಕಡಿ ಸರೀರಿ."

ಹೆಂಗಸರು ಸರಿದರು. ಒಬ್ಬಳ ಮೊಣಕಾಲು ಗೌಡನ ತೊಡೆಗೆ ತಾಗಿತು, ಇನ್ನೊಬ್ಬಳ ಒದ್ದೆ ಸೆರಗು ಅವನ ಪಾದದ ಮೇಲೆ ಬಿತ್ತು. ಮುಳುಗಿದ್ದ ಅಂಚು ಮೆಲ್ಲಗೆ ನೀರಿನಿಂದ ಮೇಲೆದ್ದಿತು.

"ಪೀರ್ಯಾ, ನೋಡ್ತಿ ಏನ್ಲೇ ಬೋಳಿಮಗನ? ನೂಕು ಇವರನ್ನ."

ಪೀರಪ್ಪ ಹುಟ್ಟು ನಿಲ್ಲಿಸಲಿಲ್ಲ. ಮುಖ ಎತ್ತಲೂ ಇಲ್ಲ. "ಅಲಗ್ಯಾಡಬ್ಯಾಡ್ರಿ ಗೌಡ್ರ," ಎಂದ. "ಈಗ ತೆಪ್ಪ ಬರೋಬ್ಬರಿ ಅದ." ಇನ್ನೆರಡು ಹುಟ್ಟು ಹಾಕಿ, ಯಾರಿಗೂ ಅಲ್ಲ ಎಂಬಂತೆ, "ಹ್ವಾದ ವರ್ಷನೂ ಹಿಂಗ ಕುಂದರಸಬೇಕಿತ್ತು," ಎಂದ. ಮರೆಮ್ಮ ಅವನತ್ತ ತಿರುಗಲಿಲ್ಲ. ಇಷ್ಟು ಸುಲಭದ ಕೆಲಸವಾಗಿತ್ತೇ ಇದು ಎಂದುಕೊಂಡು ಪಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಆಚೆ ದಂಡೆ ಸಮೀಪಿಸಿತು. ಕಂಪನಿಯವರು ಕೊಡೆ ಹಿಡಿದು ನಿಂತಿದ್ದರು. ಒಬ್ಬ ಮೊಬೈಲು ಎತ್ತಿ ತೆಪ್ಪದ ಕಡೆ ಹಿಡಿದಿದ್ದ. ಗೌಡನ ಬೈಗುಳ ಸಣ್ಣದಾಗುತ್ತ ಹೋಗಿ ನಿಂತಿತು. ಕೊನೆಗೆ ತಗ್ಗಿದ ದನಿಯಲ್ಲಿ, "ದಂಡಿ ಬಂತಲ್ಲ, ಇನ್ನರ ಬಿಡಬೇ," ಎಂದ. "ಮಂದಿ ನೋಡಾಕತ್ತಾರ."

"ನೋಡ್ಲಿ," ಎಂದಳು ಮರೆಮ್ಮ.

ತೆಪ್ಪದ ತಳ ಉಸುಕಿಗೆ ತಾಗಿತು. ಗೌಡ ಏಳಲು ನೋಡಿದ. ಆಗಲಿಲ್ಲ. ಆ ಕಡೆ ದಾನಮ್ಮ, ಈ ಕಡೆ ಮರೆಮ್ಮ, ಪಟ್ಟಿ ಬಿಟ್ಟಿರಲಿಲ್ಲ.