ಮೇಷ್ಟ್ರ ಕರಡಿನ ಬೆನ್ನು

ಏನ್ರೋ, "ತಾತನಿಗೆ ಅರಳು ಮರಳು, ಬಾಯಿಗೆ ಬಂದದ್ದು ಹೇಳ್ತಾರೆ" ಅಂತ ಗ್ರೂಪಲ್ಲಿ ಹಲ್ಲು ಕಿರೀತೀರಾ? ಗಾಡಿ ಎಲ್ಲಿ ನಿಲ್ಲಿಸಿದ್ದು ಅಂತ ಮರೆತು ಬೀದಿ ಸುತ್ತೋರು ನೀವು. ಬಾಯಿ ಮುಚ್ಚಿ ಕೇಳಿ.

ವಿಶ್ವವಿದ್ಯಾಲಯದ ಹಳೇ ಕಾಗದಪತ್ರದ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದೆ. ದೊಡ್ಡವರು ಸತ್ತ ಮೇಲೆ ಅವರ ಪತ್ರ, ಹಸ್ತಪ್ರತಿ ಎಲ್ಲ ಪೆಟ್ಟಿಗೆ ತುಂಬಿ ಅಲ್ಲಿಗೆ ಬರೋದು. ತುಕ್ಕು ಹಿಡಿದ ಗುಂಡುಪಿನ್ನು ಕಿತ್ತು, ಧೂಳು ಹೊಡೆದು, ಹಾಳೆ ಮೂಲೇಲಿ ಪೆನ್ಸಿಲ್ಲಿಂದ ನಂಬರ್ ಹಾಕೋದು ನನ್ನ ಕೆಲಸ.

ಒಬ್ಬ ಇತಿಹಾಸದ ಮೇಷ್ಟ್ರ ಪೆಟ್ಟಿಗೆಗಳು ಬಂದವು. ಅವರ ಪುಸ್ತಕದ ಕರಡೇ ಹನ್ನೊಂದು ಕಟ್ಟು. ಎಲ್ಲಕ್ಕೂ ನಂಬರ್ ಹಾಕಿ ಒಳಗಿಟ್ಟೆ. ನಾಲ್ಕು ವರ್ಷ ಆದ ಮೇಲೆ, ಪುಸ್ತಕ ಅಚ್ಚಾಗಿದೆ, ಕರಡು ಯಾಕೆ ಜಾಗ ತಿನ್ನಬೇಕು ಅಂತ ವಿಭಾಗದ ಮುಖ್ಯಸ್ಥೆ ನಮ್ಮ ಮೇಡಂ ಅದಕ್ಕೆ "ರದ್ದಿ" ಚೀಟಿ ಅಂಟಿಸಿದ್ರು.

ರದ್ದಿ ಗಾಡಿ ಬರೋ ದಿನವೇ ಮೇಷ್ಟ್ರ ಮಗಳು ಬಂದ್ರು.

"ಅಮ್ಮನೂ ಈಗಿಲ್ಲ. ದಿನಾ ಮಧ್ಯಾಹ್ನ ಏನೋ ಬರೀತಿದ್ರು ಮೇಡಂ. ಮನೇಲಿ ಒಂದು ಹಾಳೇನೂ ಸಿಗಲಿಲ್ಲ. ಇಲ್ಲಿಗೇನಾದ್ರೂ ಬಂದಿದೆಯಾ?"

ಮೇಡಂ ಪಟ್ಟಿ ಪೂರ್ತಿ ನೋಡಿದ್ರು. "ಎಲ್ಲ ನಿಮ್ಮ ತಂದೆಯವರದ್ದೇ ಅಮ್ಮಾ."

"ಹೋಗಲಿ ಬಿಡಿ. ಹುಡುಕೋಕೆ ಇದೊಂದೇ ಜಾಗ ಉಳಿದಿತ್ತು," ಅಂತ ಆಕೆ ಬ್ಯಾಗ್ ಎತ್ತಿಕೊಂಡ್ರು.

ಆಗ ನನಗೆ ಹೊಳೀತು ನೋಡಿ, ನೇರಳೆ ಶಾಯಿ! ಮೇಷ್ಟ್ರು ಬರೆದದ್ದೆಲ್ಲ ಕಪ್ಪಲ್ಲಿ. ಪಿನ್ನು ಕೀಳುವಾಗ ಹಾಳೆ ಹಿಂದಿಂದ ನೇರಳೆ ಇಣುಕಿತ್ತು. ನಂಬರ್ ಮುಂಬದಿಗೆ ಮಾತ್ರ ಅನ್ನೋದು ನಮ್ಮ ಪದ್ಧತಿ. ಕಣ್ಣುಪಟ್ಟಿ ಕಟ್ಟಿದ ಕುದುರೆ ಹಾಗೆ ಒಂದೇ ಮಗ್ಗುಲು ನೋಡಿದ್ದೆ, ತಿರುಗಿಸಿರಲಿಲ್ಲ. ತಪ್ಪು ನನ್ನದೇ, ಮುಚ್ಚಿಡೋದೇನು?

"ನಾಲ್ಕು ವರ್ಷದ ಹಿಂದಿನ ಶಾಯಿ ಬಣ್ಣ ನೆನಪಿದೆಯಾ ನಿಮಗೆ?" ಅಂದ್ರು ಮೇಡಂ. ಥೇಟ್ ನಿಮ್ಮ ಹಾಗೇ!

"ನೀವು ಬೈದದ್ದೂ ತಾರೀಖು ಸಮೇತ ನೆನಪಿದೆ," ಅಂದು ಹಿತ್ತಲ ಬಾಗಿಲಿಗೆ ಓಡಿದೆ. ರದ್ದಿಯವನು ಏಳು ಕಟ್ಟು ಗಾಡಿಗೆ ಏರಿಸಿಬಿಟ್ಟಿದ್ದ.

"ಇಳಿಸಪ್ಪಾ!"

"ಈಗ ತಾನೇ ಏರಿಸಿದೆನಲ್ಲ ಯಜಮಾನ್ರೇ, ಸೊಂಟ ನನ್ನದಾ ನಿಮ್ಮದಾ?"

ನಾನೇ ಒಂದು ಕಟ್ಟು ಎಳೆದು ಬಿಚ್ಚಿ, ಹಾಳೆ ತಿರುಗಿಸಿ ಓದಿದೆ: "ಇವರು ಬೆಳಿಗ್ಗೆಯಿಂದ ಒಂದೇ ವಾಕ್ಯ ಹೊಡೆದು ಹಾಕಿ ಮತ್ತೆ ಮತ್ತೆ ಬರೀತಿದ್ದಾರೆ. ಅಷ್ಟರಲ್ಲಿ ನಾನು ಅಡುಗೆ ಮುಗಿಸಿ ಎರಡು ಪುಟ ಬರೆದೆ."

ಗಂಡ ಬೇಡ ಅಂದ ಹಾಳೆಗಳ ಬೆನ್ನ ಮೇಲೆ ತನ್ನ ಕಥೆ ಬರೆದು, ಆ ತಾಯಿ ಮತ್ತೆ ಅದೇ ಕಟ್ಟಿಗೆ ಸೇರಿಸಿದ್ರು!

ಮಗಳು ಗಾಡಿ ಪಕ್ಕದಲ್ಲೇ ಕೂತು ನಕ್ಕರು, ಕಣ್ಣೊರೆಸಿಕೊಂಡರು. "ಅಮ್ಮನ ಬಾಯೇ ಇದು. ಅಪ್ಪನ್ನ ಹೀಗೇ ಆಡಿಕೊಳ್ತಿದ್ರು."

ಹನ್ನೊಂದೂ ಕಟ್ಟು ಒಳಗೆ ವಾಪಸ್ ಬಂದವು. ಮೇಡಂ ತಾವೇ "ರದ್ದಿ" ಚೀಟಿ ಕಿತ್ತು, ಆ ತಾಯಿ ಹೆಸರಿನ ಚೀಟಿ ಅಂಟಿಸಿದ್ರು. ಎರಡು ತಿಂಗಳು ಕೂತು ಹಿಂಬದಿಗೆಲ್ಲ ನಂಬರ್ ಹಾಕಿದೆ. ಓದಿ ಓದಿ ನಗ್ತಾ ಹಾಕಿದ್ದಕ್ಕೇ ಅಷ್ಟು ದಿನ ಹಿಡೀತು ಅನ್ನಿ.

ಇದನ್ನ ನಿಮ್ಮ ಸೋದರತ್ತೆಗೂ ಕಳಿಸ್ರೋ. ಅಟ್ಟ ಖಾಲಿ ಮಾಡ್ತಿದ್ದಾಳಂತೆ. ಹಾಳೆ ತಿರುಗಿಸಿ ನೋಡದೆ ಒಂದೂ ಎಸೀಬೇಡ ಅಂತ ನಾನು ಹೇಳಿದೆ ಅನ್ನಿ.